ಚೀಟಿಯ ಮೇಲಿನ ಕೊಂಬು

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಾಲೂರು, ಮುಳಬಾಗಿಲು, ಈಗ ಕೋಲಾರ ಅಂತ ಸುತ್ತಿಕೊಂಡು ಅದೆಷ್ಟೋ ಮಕ್ಕಳ ಪುಸ್ತಕಗಳಲ್ಲಿ ಕೆಂಪು ಶಾಯಿಯಿಂದ ಒತ್ತು, ದೀರ್ಘ ತಿದ್ದಿದ್ದೇನೆ. ಇಂಥವಳ ಲ್ಯಾಪ್‌ಟಾಪು ಅಚ್ಚುಕಟ್ಟಾಗಿರುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರೆ ತಪ್ಪು ಅವರದು. ಅದರಲ್ಲಿ 'ಹೊಸ ಫೋಲ್ಡರ್' ಇತ್ತು, ಅದರೊಳಗೆ 'ಹೊಸ ಫೋಲ್ಡರ್ 2' ಇತ್ತು. 'ಊರಿನ ಫೋಟೋ ಕೊನೆಯದು' ಅಂತ ಒಂದು, ಅದರ ಪಕ್ಕದಲ್ಲೇ 'ಊರಿನ ಫೋಟೋ ನಿಜವಾಗ್ಲೂ ಕೊನೆಯದು' ಅಂತ ಇನ್ನೊಂದು. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ಹುಡುಕಲು ಹೋದರೆ ನಾದಿನಿಯ ಮದುವೆಯ ಊಟದ ಪಂಕ್ತಿ ತೆರೆದುಕೊಳ್ಳುತ್ತಿತ್ತು. ಆಮೇಲೆ ಅರ್ಧ ಗಂಟೆ ಅದನ್ನೇ ನೋಡುತ್ತ ಕೂರುತ್ತಿದ್ದೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಇದನ್ನು ಕಂಡು ಮರುಗಿದವರು ನಮ್ಮ ಕಂಪ್ಯೂಟರ್ ಮೇಷ್ಟ್ರು. ತಾಯಲೂರಿನವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಕಡಿಮೆ.

"ಮೇಡಂ, ಫೋಲ್ಡರ್ ಅಂದ್ರೆ ಟ್ರಂಕು ಇದ್ದಂಗೆ. ಒಂದು ಸೀರೆ ಒಂದೇ ಟ್ರಂಕಲ್ಲಿರ್ಬೇಕು. ಯಾವ ಟ್ರಂಕು ಅಂತ ಮರ್ತ್ರೆ ಮುಗೀತು. ಟ್ಯಾಗ್ ಅಂದ್ರೆ ಚೀಟಿ. ಸೀರೆ ಎಲ್ಲಾದ್ರೂ ಬಿದ್ದಿರ್ಲಿ, ಹತ್ತು ಚೀಟಿ ಅಂಟ್ಸಿ. 'ರೇಷ್ಮೆ' ಅಂದ್ರೂ ಬರುತ್ತೆ, 'ಕೆಂಪು' ಅಂದ್ರೂ ಬರುತ್ತೆ, 'ಅತ್ತೆ ಕೊಟ್ಟಿದ್ದು' ಅಂದ್ರೂ ಬರುತ್ತೆ" ಅಂದರು. ಅದಕ್ಕೊಂದು ಪುಟ್ಟ ಪ್ರೋಗ್ರಾಂ ಹಾಕಿಕೊಟ್ಟು, ಹೆಂಗೆ ಅಂಟಿಸುವುದು ಅಂತಲೂ ತೋರಿಸಿದರು.

ನನಗೆ ಹುಚ್ಚೇ ಹಿಡಿಯಿತು. ಬೇಸಿಗೆ ರಜೆ ಪೂರ್ತಿ ಚೀಟಿ ಅಂಟಿಸುವುದೇ ಕೆಲಸ. ಅಮ್ಮ, ಸುಗಟೂರು, ರೇಷ್ಮೆಹುಳು, ಮದುವೆ, ಶಾಲೆ, ಮಾವು. ಯಾವುದು ಏನೆಂದು ತಿಳಿಯದಿದ್ದರೆ 'ಆಮೇಲೆ ನೋಡೋಣ'. ಈ ಕೊನೆಯ ಚೀಟಿಯೇ ಎಲ್ಲಕ್ಕಿಂತ ದಪ್ಪವಾಯಿತು ಅನ್ನುವುದನ್ನು ಹೇಳಬೇಕಿಲ್ಲ. ಫೋನಿನಲ್ಲಿದ್ದ ಫೋಟೋ, ದನಿಯ ಸಂದೇಶಗಳನ್ನೆಲ್ಲ ಲ್ಯಾಪ್‌ಟಾಪಿಗೆ ಸುರಿದುಕೊಂಡು ಒಂದೊಂದಕ್ಕೂ ಹೆಸರಿಡುತ್ತಿದ್ದೆ. ಹೆಸರಿಡುವವರಿಗೆ ಒಂದು ಗತ್ತು ಬರುತ್ತದೆ. ಆ ಗತ್ತಿನಲ್ಲೇ 'ಪೆದ್ದು' ಅಂತಲೂ ಒಂದು ಚೀಟಿ ಮಾಡಿದೆ.

ಅದನ್ನು ಅಂಟಿಸಿದ್ದು ನಮ್ಮ ದೊಡ್ಡಮ್ಮನ ಮೇಲೆ.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಗೌನಿಪಲ್ಲಿ ಹತ್ತಿರದ ಹಳ್ಳಿಯಲ್ಲಿ ಮಾವಿನ ತೋಟದ ಮನೆ. ಅಮ್ಮ, ದೊಡ್ಡಮ್ಮ ಹುಟ್ಟಿದ ಮನೆಯ ಮಾತು ತೆಲುಗು. ಅಮ್ಮ ಸುಗಟೂರಿಗೆ, ಕನ್ನಡ ಮಾತಾಡುವ ನಮ್ಮಪ್ಪನ ಮನೆಗೆ ಬಂದು ಕನ್ನಡದವಳಾದಳು. ದೊಡ್ಡಮ್ಮ ಅಲ್ಲೇ ಆಂಧ್ರದ ಗಡಿಯ ಮಗ್ಗುಲಲ್ಲಿ ಉಳಿದುಕೊಂಡಳು. ತೆಲುಗಿನಲ್ಲಿ ದೊಡ್ಡಮ್ಮನಿಗೆ ಪೆದ್ದಮ್ಮ ಅನ್ನುತ್ತಾರೆ. ಚಿಕ್ಕಂದಿನಲ್ಲಿ ನಾನೂ ಹಾಗೇ ಕರೆಯುತ್ತಿದ್ದೆ. ಅದರಲ್ಲಿ ನಗುವಂಥದ್ದು ಏನಾದರೂ ಇದೆ ಅಂತ ನನಗೆ ಗೊತ್ತಾಗಿದ್ದು ಎಂಟನೇ ಕ್ಲಾಸಿನಲ್ಲಿ.

ನಮ್ಮ ಕಡೆ ಪಾತ್ರೆ ಉಡುಗೊರೆ ಕೊಟ್ಟರೆ ಅದರ ಮೇಲೆ ಕೊಟ್ಟವರ ಹೆಸರು ಕೊರೆಸುವ ಪದ್ಧತಿ. ಅಂಗಡಿಯವನು ಗರ್ರ್ ಅನ್ನುವ ಮೆಷಿನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಾನೆ. ಆ ಪಾತ್ರೆ ಯಾರ ಮನೆ ನಾಮಕರಣಕ್ಕೆ ಹೋದರೂ, ಯಾರ ಹಿತ್ತಲಲ್ಲಿ ಬಿದ್ದಿದ್ದರೂ, ಹೆಸರಿನ ಜಾಡು ಹಿಡಿದು ವಾಪಸ್ಸು ಬರುತ್ತದೆ. ಮೇಷ್ಟ್ರು ಟ್ಯಾಗ್ ವಿವರಿಸಿದಾಗ ನನಗೆ ನೆನಪಾದದ್ದು ಅದೇ. ನಾನು ಎಂಟನೇ ಕ್ಲಾಸಿಗೆ ಕೋಲಾರದ ಹೈಸ್ಕೂಲಿಗೆ ಸೇರಿದಾಗ ದೊಡ್ಡಮ್ಮ ಶ್ರೀನಿವಾಸಪುರದಲ್ಲಿ ಒಂದು ಸ್ಟೀಲಿನ ಊಟದ ಡಬ್ಬಿ ಕೊಂಡು, ಮುಚ್ಚಳದ ಮೇಲೆ 'ಪೆದ್ದಮ್ಮ ಕೊಟ್ಟಿದ್ದು' ಅಂತ ಕೊರೆಸಿ ತಂದುಕೊಟ್ಟಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಅಂಗಡಿಯಲ್ಲೇ ನಿಂತು ಒಂದೊಂದೇ ಅಕ್ಷರ ಓದಿ, ಸರಿಯಿದೆ ಅಂತ ನೋಡಿಕೊಂಡೇ ತಂದಿದ್ದಳಂತೆ.

ದಿನಾ ಸುಗಟೂರಿನಿಂದ ಬಸ್ಸಿನಲ್ಲಿ ಆ ಡಬ್ಬಿ ಹಿಡಿದು ಹೋಗುತ್ತಿದ್ದೆ. ಕೋಲಾರದ ಹುಡುಗಿಯರಿಗೆ ಪೆದ್ದಮ್ಮ ಅಂದರೆ ಏನೆಂದು ಗೊತ್ತಿತ್ತು, ಯಾರೂ ಏನೂ ಅಂದಿರಲಿಲ್ಲ. ಆ ವರ್ಷ ಹಾಸನದ ಕಡೆಯಿಂದ ವರ್ಗವಾಗಿ ಬಂದ ಆಫೀಸರೊಬ್ಬರ ಮಗಳು ನಮ್ಮ ಕ್ಲಾಸಿಗೆ ಸೇರಿದಳು. ಒಂದು ಮಧ್ಯಾಹ್ನ ನನ್ನ ಮುಚ್ಚಳ ಎತ್ತಿಕೊಂಡು ಗಟ್ಟಿಯಾಗಿ ಓದಿ, "ಅಯ್ಯೋ, ಪೆದ್ದಮ್ಮನಾ? ಪೆದ್ದು ಅಮ್ಮನಾ? ಯಾರೇ ಅದು, ನಿಮ್ಮನೇಲಿ ಪೆದ್ದಿ ಯಾರು?" ಅಂದಳು. ಗೊತ್ತಿದ್ದವರೂ ಗೊತ್ತಿಲ್ಲದವರಂತೆ ನಕ್ಕರು. ಅವತ್ತು ಸಂಜೆ ಬಸ್ಸಿಗೆ ಕಾಯುತ್ತ, ಜಾಮಿಟ್ರಿ ಬಾಕ್ಸಿನ ಕೈವಾರದ ಮುಳ್ಳಿನಿಂದ ಆ ಅಕ್ಷರಗಳನ್ನು ಕೆರೆದೆ. ಪೂರ್ತಿ ಹೋಗಲಿಲ್ಲ, ಬೆಕ್ಕು ಪರಚಿದಂತಾಯಿತು. ಆ ಬೇಸಿಗೆಗೆ ತೋಟಕ್ಕೆ ಹೋದಾಗಿನಿಂದ ನಾನು ಅವಳನ್ನು ಪೆದ್ದಮ್ಮ ಅನ್ನುವುದು ಬಿಟ್ಟು ದೊಡ್ಡಮ್ಮ ಅಂದೆ. ಅವಳು ಮೊದಲ ಸಲ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ, "ಏನೇ ಅಮ್ಮಾಯಿ, ಹಣ್ಣು ಕೊಯ್ಲಾ?" ಅಂದಳು.

ಅವತ್ತು ಅತ್ತವಳು ನಾನು. ಅದಾಗಿ ನಲವತ್ತು ವರ್ಷ ಆಗುತ್ತ ಬಂದಾಗ ಅದೇ ಹಾಸ್ಯವನ್ನು ನಾನೇ ಮಾಡಿದೆ.

ಅದು ಆದದ್ದು ಹೀಗೆ. ದೊಡ್ಡಮ್ಮನಿಗೆ ಮೊಮ್ಮಗಳು ಒಂದು ಫೋನು ಕೊಡಿಸಿ, ಗುಂಡಿ ಒತ್ತಿ ಮಾತಾಡಿ ಕಳಿಸುವುದನ್ನು ಹೇಳಿಕೊಟ್ಟಳು. ಶುರುವಾಯಿತು. ದಿನಕ್ಕೊಂದು ಎರಡು ಸಂದೇಶ. ನನಗೆ ಅಂತ ಅವಳು ಕನ್ನಡದಲ್ಲೇ ಮಾತಾಡುತ್ತಿದ್ದಳು. ಆದರೆ ತೆಲುಗಿನಲ್ಲಿ ಹೆಂಗಸಿಗೂ ಹಸುವಿಗೂ ಕ್ರಿಯಾಪದ ಒಂದೇ. ಅವಳ ಕನ್ನಡದಲ್ಲೂ ಹಾಗೇ. "ನಮ್ ಸೊಸೆ ತವರುಮನೆಯಿಂದ ಬಂತು, ಮುದ್ದೆ ತಿಂತು, ಮಲಿಕ್ಕೊಂತು. ತೋಟಕ್ಕೆ ಮಂದು ಹೊಡಿಸ್ಬೇಕು ಅಂತ ಹೇಳ್ತು." ಔಷಧಿಗೂ ಅವಳದು ತೆಲುಗಿನ ಮಂದೇ. ಇಂಥವು ಕೇಳಿದರೆ ನನ್ನೊಳಗಿನ ಕೆಂಪು ಶಾಯಿ ಕುದಿಯುತ್ತಿತ್ತು, ನಗುವೂ ಬರುತ್ತಿತ್ತು. ಒಳ್ಳೊಳ್ಳೆಯವನ್ನು ಆರಿಸಿ ಆರಿಸಿ ಒಂದೇ ಚೀಟಿ ಅಂಟಿಸಿದೆ. ಪೆದ್ದಮ್ಮನ ಪೆದ್ದುತನ, ಎಂಥ ಶ್ಲೇಷೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ನನ್ನ ಪಾಪ ನನ್ನ ಲ್ಯಾಪ್‌ಟಾಪಿನಲ್ಲೇ ಇರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಟೀ ಹೊತ್ತಿಗೆ ಹಾಕಿ ಕೇಳಿಸುತ್ತಿದ್ದೆ. ಚೀಟಿ ಒತ್ತಿದರೆ ಸಾಲಾಗಿ ಬರುತ್ತಿದ್ದವಲ್ಲ, ಹುಡುಕುವ ಕಷ್ಟವೇ ಇಲ್ಲ. "ಸೊಸೆನಾ ಮೇಡಂ, ಎಮ್ಮೆನಾ?" ಅಂತ ವಿಜ್ಞಾನದ ಮೇಡಂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಎರಡು ಸಂದೇಶಗಳನ್ನು ಅವರ ಫೋನುಗಳಿಗೂ ಕಳಿಸಿಕೊಟ್ಟೆ. ನಗದೆ ಇದ್ದವರು ಕಂಪ್ಯೂಟರ್ ಮೇಷ್ಟ್ರು ಒಬ್ಬರೇ. ಲೋಟ ಕೆಳಗಿಟ್ಟು, "ನಮ್ಮಮ್ಮನೂ ಹಿಂಗೇ ಮಾತಾಡೋದು ಮೇಡಂ" ಅಂದು ಕ್ಲಾಸಿಗೆ ಹೋದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಮಾರನೇ ದಿನ, ಅವರಿಲ್ಲದಾಗ ನೋಡಿಕೊಂಡು, ಮತ್ತೆ ಹಾಕಿ ಕೇಳಿಸಿದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಅದೇ ವರ್ಷ ಮಾವಿನಕಾಯಿ ಕಾಲದಲ್ಲಿ ಅಮ್ಮ ಉಪ್ಪಿನಕಾಯಿ ಹಾಕಲೆಂದು ಅಕ್ಕನ ಮನೆಗೆ ಹೋಗಿದ್ದಳು. ಅಲ್ಲಿಂದ ಒಂದು ಸಂದೇಶ ಬಂತು. ಅಕ್ಕತಂಗಿಯರಿಬ್ಬರೂ ಫೋನು ಮಾತು ಹಿಡಿಯುತ್ತಿದೆಯೋ ಇಲ್ಲವೋ ಅಂತ ಜಗಳವಾಡುತ್ತಿದ್ದರು. "ಒತ್ತು", "ಒತ್ತೇ ಇದೀನಿ", "ಬಿಡು ಮತ್ತೆ", "ಬಿಟ್ರೆ ಹೋಗುತ್ತೆ". ಅರ್ಧ ನಿಮಿಷ ಕೇಳಿ, ನಕ್ಕು, ಪೆದ್ದು ಅಂತ ಚೀಟಿ ಅಂಟಿಸಿ ಮುಂದಿನದಕ್ಕೆ ಹೋದೆ. ಹತ್ತು ಚೀಟಿ ಅಂಟಿಸಬಹುದು ಅಂತ ಮೇಷ್ಟ್ರು ಹೇಳಿದ್ದರು. 'ಅಮ್ಮ' ಅಂತ ಇನ್ನೊಂದು ಅಂಟಿಸಬೇಕು ಅಂತ ಹೊಳೆಯಲೇ ಇಲ್ಲ. ಅಮ್ಮ ಇದ್ದಳಲ್ಲ, ಬೇಕಾದರೆ ಫೋನು ಮಾಡಿದರಾಯಿತು.

ಆರು ತಿಂಗಳಿಗೆ ಅಮ್ಮ ಹೋದಳು. ಹೋದದ್ದು ಅಕ್ಕನ ಮನೆಯಲ್ಲೇ, ಎದೆನೋವು ಅಂತ ಕೂತವಳು ಏಳಲಿಲ್ಲ. ದೊಡ್ಡಮ್ಮ ಫೋನು ಮಾಡಿ, "ನಿಮ್ಮಮ್ಮ ಹೋಯ್ತು ಕಣೇ" ಅಂದಳು. ಆ ಹೊತ್ತಿನಲ್ಲೂ ನನ್ನೊಳಗೆ ಯಾರೋ 'ಹೋದಳು' ಅಂತ ತಿದ್ದಿದರು. ಯಾರೋ ಏನು, ನಾನೇ.

ಇದಾಗಿ ಮೂರು ವರ್ಷದ ಮೇಲೆ, ಹೋದ ತಿಂಗಳು ಒಂದು ಭಾನುವಾರ, ದೊಡ್ಡಮ್ಮ ಸೊಸೆಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ನಮ್ಮ ಮನೆಗೆ ಬಂದಳು. ಸೊಸೆ ಅಂದರೆ ಆ ಸಂದೇಶಗಳಲ್ಲಿ ಬರುತ್ತಿದ್ದ, ತಿನ್ನುತ್ತಿದ್ದ, ಮಲಗುತ್ತಿದ್ದ ಅದೇ ಸೊಸೆ. ಪಿಯುಸಿ ಓದಿದ, ಗಂಭೀರ ಮುಖದ ಹೆಂಗಸು. ಕಾಫಿ ಕುಡಿದ ಮೇಲೆ ದೊಡ್ಡಮ್ಮ ವಿಷಯ ಎತ್ತಿದಳು.

"ಮೊಮ್ಮಗಳ್ದು ಸೀಮಂತ ಬರೋ ವಾರ. ಆರತಿ ಹಾಡು ಹೇಳೋರು ಯಾರು? ನಮ್ಮನೇಲಿ ಎಲ್ಲಾ ಸೀಮಂತಕ್ಕೂ ನಿಮ್ಮಮ್ಮನೇ ಹೇಳ್ತಿದ್ದಿದ್ದು. ನಂಗೆ ಎರಡು ನುಡಿ ಬರುತ್ತೆ, ಮೂರನೇದು ಬರಲ್ಲ. ಉಪ್ಪಿನಕಾಯಿ ಹೆಚ್ತಾ ಕೂತಿದ್ವಲ್ಲ, ಅವತ್ತು ಅದು ಪೂರ್ತಿ ಹಾಡ್ತು. ಫೋನು ಒತ್ಕೊಂಡೇ ಇದ್ದೆ ನಾನು. ನಿಂಗೆ ಬಂದಿರುತ್ತೆ. ನನ್ ಫೋನು ಹಾಳಾದಾಗ ಎಲ್ಲಾ ಹೋಯ್ತು. ನೀನು ಎಲ್ಲಾನೂ ಕಂಪ್ಯೂಟರಲ್ಲಿ ಹೆಸರು ಬರ್ದು ಇಟ್ಟಿದೀಯಾ ಅಂತ ನಿಮ್ಮಮ್ಮ ಹೇಳ್ತಿತ್ತು."

ಆ ಸಂದೇಶದಲ್ಲಿ ಹಾಡು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕೇಳಿದ್ದು ಅರ್ಧ ನಿಮಿಷ. ಅಮ್ಮನ ದನಿ ಬೇರೆಲ್ಲೂ ನನ್ನ ಬಳಿ ಇರಲಿಲ್ಲ, ಅವಳು ಫೋನಿನಲ್ಲಿ ಮಾತಾಡುತ್ತಿದ್ದಳೇ ಹೊರತು ಸಂದೇಶ ಕಳಿಸಿದವಳಲ್ಲ. ಆ ಜಗಳದ ಸಂದೇಶ ಮರೆತೇಹೋಗಿ, ಮೂರು ವರ್ಷ ಅಮ್ಮನ ದನಿ ಇಲ್ಲ ಅಂತ ಕೊರಗಿದ್ದೆ, ಅದು ನಾನು ನಗಲು ಇಟ್ಟುಕೊಂಡ ಸಾಲಿನಲ್ಲೇ ಇತ್ತು.

ಲ್ಯಾಪ್‌ಟಾಪು ತಂದು ಊಟದ ಮೇಜಿನ ಮೇಲಿಟ್ಟೆ. ದೊಡ್ಡಮ್ಮ ಎಡಕ್ಕೆ, ಸೊಸೆ ಬಲಕ್ಕೆ ಕುರ್ಚಿ ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವಂತೆ, ನಾನು ಪರದೆಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿಕೊಂಡೆ. 'ಅಮ್ಮ' ಅಂತ ಒತ್ತಿದೆ. ಬರೀ ಫೋಟೋ. 'ಮಾವು' ಒತ್ತಿದೆ. ತೋಟ, ಮರ, ಬುಟ್ಟಿ. ಮುಂದಿನದು ಯಾವುದೆಂದು ನನ್ನ ಬೆರಳಿಗೆ ಗೊತ್ತಿತ್ತು, ಒತ್ತಲಿಲ್ಲ. ಇವರಿಬ್ಬರ ಕಣ್ಣೆದುರು ಆ ಪದ ತೆರೆದುಕೊಂಡರೆ ಮುಖ ಎಲ್ಲಿಟ್ಟುಕೊಳ್ಳಲಿ?

"ಸಿಗ್ತಿಲ್ಲ ದೊಡ್ಡಮ್ಮ. ಅಳಿಸಿಹೋಗಿರ್ಬೇಕು" ಅಂದೆ.

ಹೌದು, ಹಾಗೆ ಅಂದೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಸತ್ತ ಅಮ್ಮನ ಹಾಡನ್ನು ಇಲ್ಲವೆಂದೆ. ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. "ಪರ್ವಾಗಿಲ್ಲ ಬಿಡು. ಅದೇ ಹೋಯ್ತು, ಅದರ ಹಾಡು ಎಲ್ಲಿ ಉಳಿಯುತ್ತೆ" ಅಂದಳು. ಏಳಲು ಮೇಜು ಹಿಡಿದುಕೊಂಡಳು.

ಅಷ್ಟರಲ್ಲಿ ಸೊಸೆ ಬಗ್ಗಿ, "ಅಕ್ಕ, ಪಕ್ಕದಲ್ಲಿ ಸಾಲಾಗಿ ಇನ್ನೂ ಹೆಸರುಗಳಿದಾವಲ್ಲ. ಇದೇನಿದು... ಪೆದ್ದು?" ಅಂದಳು.

ಆ ಒಂದು ಪದ ಮನೆಯ ನಡುವೆ ಬಿತ್ತು. ಅಡುಗೆಮನೆಯಲ್ಲಿದ್ದ ನನ್ನ ಯಜಮಾನರೂ ಬಾಗಿಲಿಗೆ ಬಂದು ನಿಂತರು, ಅವರಿಗೆ ಈ ಚೀಟಿ ಗೊತ್ತಿತ್ತು, ಅವರೂ ನಕ್ಕವರೇ. ದೊಡ್ಡಮ್ಮ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು, ಪರದೆಯ ಹತ್ತಿರ ಬಂದು, ಅಂಗಡಿಯಲ್ಲಿ ಡಬ್ಬಿ ಓದಿದಂತೆ ಬೆರಳಿಟ್ಟು ಓದಿದಳು.

"ಪೆ... ದ್ದ." ಆಮೇಲೆ ಸೊಸೆಯ ಕಡೆ ತಿರುಗಿ ನಕ್ಕಳು. "ಪೆದ್ದು ಅಲ್ವೇ, ಪೆದ್ದ. ಪೆದ್ದಮ್ಮ ಅಂತ. ಟೀಚರುಗಳು ಹಂಗೇ, ಅರ್ಧ ಬರ್ದು ಬಿಡ್ತಾರೆ. ಚಿಕ್ಕೋಳಿದ್ದಾಗ ನನ್ನ ಪೆದ್ದಮ್ಮ ಅಂತ್ಲೇ ಕರೀತಿತ್ತು ಇದು. ನೋಡು, ನನ್ ಹೆಸರಲ್ಲಿ ಎಷ್ಟು ಇಟ್ಟೈತೆ! ಒತ್ತು ಅಮ್ಮಾಯಿ, ಅದರಲ್ಲೇ ಇರುತ್ತೆ."

ನನಗೆ ಆದದ್ದು ಮೊದಲು ಸಮಾಧಾನ. ಅದನ್ನೂ ಮುಚ್ಚಿಡುವುದಿಲ್ಲ. ಅಬ್ಬ, ಪಾಪ ಸರಿಯಾಗಿ ಓದಲು ಬರಲಿಲ್ಲ, ಬಚಾವಾದೆ ಅಂದುಕೊಂಡೆ. ಅದರ ಹಿಂದೆಯೇ ನಾಚಿಕೆಯಾಯಿತು. ಅವಳು ಅಷ್ಟು ಹೆಮ್ಮೆಯಿಂದ ಸೊಸೆಗೆ ತೋರಿಸುತ್ತಿದ್ದುದು ಏನನ್ನು!

ಒತ್ತಿದೆ. ಸಾಲಾಗಿ ಬಂದವು. ಹುಡುಕಿ ಆ ಸಂದೇಶ ತೆರೆದೆ. ಒತ್ತು, ಒತ್ತೇ ಇದೀನಿ, ಬಿಡು. ನಾನು ಹಿಂದೆ ನಿಲ್ಲಿಸಿದ್ದ ಜಾಗ ದಾಟಿತು. ಮಾವಿನಕಾಯಿ ಹೆಚ್ಚುವ ಸದ್ದು. ಅಮ್ಮ ತೆಲುಗಿನಲ್ಲಿ, "ಸರಿಯಾಗಿ ಮಾತಾಡಕ್ಕ, ಅವಳು ಟೀಚರು, ತಪ್ಪು ಹಿಡೀತಾಳೆ" ಅನ್ನುತ್ತಾಳೆ. ದೊಡ್ಡಮ್ಮ, "ಹಿಡೀಲಿ ಬಿಡು, ಅದೇ ಅವಳ ಕೆಲಸ" ಅನ್ನುತ್ತಾಳೆ. ಇಬ್ಬರೂ ನಗುತ್ತಾರೆ. ಆಮೇಲೆ ಅಮ್ಮ, ಕತ್ತಿಯ ಸದ್ದಿನ ತಾಳಕ್ಕೆ, ಹಾಡತೊಡಗುತ್ತಾಳೆ. ಒಂದನೇ ನುಡಿ, ಎರಡನೇ ನುಡಿ. ಮೂರನೆಯದು ಬಂದಾಗ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಳು. ಸೊಸೆ ಕೈಚೀಲದಿಂದ ಪೆನ್ನು ತೆಗೆದು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಳ್ಳಲು ನೋಡಿದಳು, ಜಾಗ ಸಾಲದೆ ನನ್ನ ಕಾಪಿ ಪುಸ್ತಕ ತೆಗೆದುಕೊಂಡಳು. ನಾಲ್ಕು ಸಲ ಹಾಕಿಸಿ ಕೇಳಿದರು. ನಾನು ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸೊಸೆಯ ಫೋನಿಗೆ ಹಾಡು ಕಳಿಸಿಕೊಟ್ಟೆ. ಊಟ ಮಾಡಿದರು. ಮೂರು ಗಂಟೆ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಶ್ರೀನಿವಾಸಪುರದ ಮೇಲೆ ಗೌನಿಪಲ್ಲಿಗೆ ಹೋಗುವ ಬಸ್ಸು ನಿಂತಿತ್ತು. ಸೀಟು ಹಿಡಿಯಲು ಸೊಸೆ ಮೊದಲು ಹತ್ತಿದಳು. ದೊಡ್ಡಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದುಕೊಂಡು, ನನ್ನ ಕಡೆ ತಿರುಗಿದಳು. ಸೊಸೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಅಮ್ಮಾಯಿ, ಆ ಪೆದ್ದು ಅಂತ ಬರ್ದಿದೀಯಲ್ಲ, ಅದನ್ನ ಅಳಿಸ್ಬೇಡ ಕಣೇ. ನಿಮ್ಮಮ್ಮ ಅದರೊಳಗೇ ಐತೆ. ಅಳಿಸಿಬಿಟ್ರೆ ಮತ್ತೆ ಹುಡುಕೋಕೆ ಸಿಗಲ್ಲ."

ಪೆದ್ದು ಅಂದಳು. ಪೆದ್ದ ಅಲ್ಲ. ದಕಾರಕ್ಕೆ ಕೊಂಬು ಕೊಟ್ಟು, ಒಂದನೇ ಕ್ಲಾಸಿನ ಮಗುವಿಗೂ ಕೇಳಿಸುವಷ್ಟು ಸ್ಪಷ್ಟವಾಗಿ. ಬೆಳಿಗ್ಗೆ ಆ ಕೊಂಬನ್ನು ನುಂಗಿದ್ದು ಓದಲು ಬಾರದೆ ಅಲ್ಲ. ಸೊಸೆಯ ಮುಂದೆ, ನನ್ನ ಗಂಡನ ಮುಂದೆ ನನ್ನ ಮಾನ ಹೋಗಬಾರದು ಅಂತ. ಎಲ್ಲರ ಕೊಂಬು ದೀರ್ಘ ತಿದ್ದುವ ನಾನು, ಅದನ್ನು ಅವಳ ಓದಿನ ತಪ್ಪು ಅಂತ ಲೆಕ್ಕ ಹಾಕಿದ್ದೆ.

ಪೆದ್ದಮ್ಮಾ ಅಂತ ಕರೆಯಬೇಕು ಅನ್ನಿಸಿತು, ಆ ಮೆಟ್ಟಿಲ ಬಳಿ, ಎಲ್ಲರಿಗೂ ಕೇಳಿಸುವ ಹಾಗೆ. ಬಾಯಿಗೆ ಬಂದದ್ದು "ದೊಡ್ಡಮ್ಮ, ಹುಷಾರಾಗಿ ಹೋಗು" ಅಂತಲೇ. ಅವಳು ತಲೆಯಾಡಿಸಿ ಒಳಗೆ ಹೋದಳು.

ಮರುದಿನ ಸ್ಟಾಫ್ ರೂಮಿನಲ್ಲಿ, ನಾನು ಕಳಿಸಿದ್ದ ಸಂದೇಶಗಳನ್ನು ದಯವಿಟ್ಟು ತೆಗೆದುಹಾಕಿ ಅಂತ ಕೇಳಿದೆ. ವಿಜ್ಞಾನದ ಮೇಡಂ, "ಯಾವುದು? ಓ, ಅದಾ? ಅದು ಯಾವತ್ತೋ ನಮ್ಮ ಅಕ್ಕನಿಗೂ ಕಳಿಸಿದ್ದೆ, ಬಿದ್ದು ಬಿದ್ದು ನಕ್ಕಳು" ಅಂದರು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಇಲ್ಲಿ ಹೋದದ್ದು ನನ್ನ ಮಾತೂ ಅಲ್ಲ, ದೊಡ್ಡಮ್ಮನದು.

ಆ ಸಂದೇಶದ ಮೇಲೆ 'ಅಮ್ಮ' ಅಂತ ಇನ್ನೊಂದು ಚೀಟಿ ಅಂಟಿಸುವುದು ಅರ್ಧ ನಿಮಿಷದ ಕೆಲಸ. ಆ ಚೀಟಿಯ ಹೆಸರನ್ನೇ 'ಪೆದ್ದಮ್ಮ' ಅಂತ ಬದಲಾಯಿಸಿದರೆ ಅಷ್ಟೂ ಸಂದೇಶಗಳಿಗೆ ಒಂದೇ ಏಟಿಗೆ ಬದಲಾಗುತ್ತದೆ, ಯಾರೂ ಯಾವತ್ತೂ ಬೇರೆ ಏನೂ ಬರೆದಿರಲಿಲ್ಲ ಅನ್ನುವ ಹಾಗೆ. ಅಷ್ಟು ಸುಲಭ ಅನ್ನುವುದಕ್ಕೇ ಮಾಡಿಲ್ಲ. ಕೈವಾರದ ಮುಳ್ಳಿನಿಂದ ಒಮ್ಮೆ ಕೆರೆದಾಗಿದೆ.

ಅಮ್ಮನ ದನಿ ಕೇಳಬೇಕು ಅನ್ನಿಸಿದಾಗ ಲ್ಯಾಪ್‌ಟಾಪು ತೆರೆಯುತ್ತೇನೆ. ಪಕ್ಕದ ಸಾಲಿನಲ್ಲಿ ಒತ್ತಿದರೂ ಸಿಗುತ್ತದೆ, ಆದರೆ ನಾನು ಹುಡುಕುವ ಜಾಗದಲ್ಲಿ ಬೆರಳಿಟ್ಟು ಆ ಪದವನ್ನು ಕೊಂಬಿನ ಸಮೇತ ಪೂರ್ತಿ ಬರೆಯಬೇಕು. ಬರೆಯುತ್ತೇನೆ. ಆಮೇಲೆ ಅಮ್ಮ ಹಾಡುತ್ತಾಳೆ.